ಮೂಗಣ್ಣ ಹೇಳುವವರೆಗೆ

ಚಿತ್ರಶಾಲೆಯಲ್ಲಿ ಹೆಂಡತಿ ಒಂದರ ಹಿಂದೊಂದು ಸೀನಿದಾಗಲೇ ಮೂಗಣ್ಣನ ಎದೆ ಧಸಕ್ಕೆಂದಿತು. ಅವಳು ಕರವಸ್ತ್ರದಲ್ಲಿ ಮೂಗೊರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಹಣ್ಣಿನ ಬುಟ್ಟಿಯ ಚಿತ್ರ ತೋರಿಸಿದಳು. "ಈ ಸೇಬು ನೋಡಿ, ಒಂದು ಕಡೆ ಕೊಳೆಯೋಕೆ ಶುರುವಾಗಿದೆ. ಚಿತ್ರಕಾರ ಅದನ್ನ ಮುಚ್ಚಿಟ್ಟಿಲ್ಲ." ಮುಚ್ಚಿಟ್ಟುಕೊಂಡವನು ಗುಂಪಿನ ಹಿಂದೆ ನಿಂತು ಬೆವರುತ್ತಿದ್ದ.

ಗಂಡ ಹೆಂಡತಿಯ ಕಸುಬೇ ಇದು. ಊರು ನೋಡಲು ಬಂದವರಿಗೆ ಬೆಳಿಗ್ಗೆ ಅವಳು ಚಿತ್ರ ತೋರಿಸುತ್ತಾಳೆ, ಮಧ್ಯಾಹ್ನ ಅವನು ಸುತ್ತಲಿನ ಗಲ್ಲಿಗಳ ಒಳ್ಳೆಯ ಹೋಟೆಲುಗಳಿಗೆ ಕರೆದೊಯ್ಯುತ್ತಾನೆ. ಬೀದಿಯಲ್ಲಿ ನಿಂತೇ ಒಳಗಿನ ಒಲೆಯ ಮೇಲೆ ಏನಿದೆಯೆಂದು ಹೇಳುತ್ತಿದ್ದನಾದ್ದರಿಂದ ಹೋಟೆಲಿನವರೇ ಮೂಗಣ್ಣ ಎಂದು ಹೆಸರಿಟ್ಟಿದ್ದರು. ಆ ಮೂಗು ಚಳಿಗಾಲದ ಜ್ವರದಲ್ಲಿ ಕೈಕೊಟ್ಟಿತ್ತು. ನಾಲಿಗೆಗೆ ಉಪ್ಪು, ಹುಳಿ ಗೊತ್ತಾಗುತ್ತಿತ್ತು, ಅಷ್ಟೆ. ವಾಸನೆ ಮಾತ್ರ ಸೊನ್ನೆ. "ಬರಬಹುದು, ಬರದೇನೂ ಇರಬಹುದು" ಎಂದು ಡಾಕ್ಟರು ಕೈ ತೊಳೆದುಕೊಂಡಿದ್ದರು.

ಅಂದಿನಿಂದ ಹೆಂಡತಿ ಊಟಕ್ಕೆ ಪಕ್ಕದಲ್ಲೇ ಕೂತು, ಮೇಜಿನ ಕೆಳಗೆ ಅವನ ಕೈ ಹಿಡಿದುಕೊಳ್ಳುತ್ತಿದ್ದಳು. ಎಣ್ಣೆ ಹಳತಾಗಿದ್ದರೆ ಒಂದು ಚಿವುಟು, ಸೀದಿದ್ದರೆ ಉಗುರಿನಿಂದ ಒಂದು ಗೀರು, ಘಮಘಮ ಎನ್ನುತ್ತಿದ್ದರೆ ಅಂಗೈಗೆ ಒಂದು ಒತ್ತು. ಅದನ್ನೇ ಅವನು ರಾಗವಾಗಿ ಬಣ್ಣಿಸಿ ಹೇಳುತ್ತಿದ್ದ. "ಈ ವಯಸ್ಸಲ್ಲೂ ಹೆಂಡತಿ ಕೈ ಬಿಡಲ್ಲವಲ್ಲ ಈ ಮಹಾರಾಯ" ಎಂದು ಹೋಟೆಲಿನವರು ನಗುತ್ತಿದ್ದರು. ನಗಲಿ ಬಿಡಿ, ಹೊಟ್ಟೆಪಾಡು.

ಚಿತ್ರಶಾಲೆಯ ಮೆಟ್ಟಿಲಿಳಿಯುವಾಗ ಅವಳ ಪಕ್ಕಕ್ಕೆ ಸರಿದು ಕೇಳಿದ, "ನೆಗಡಿಯೇನೇ?"

"ಧೂಳು ಕಣ್ರೀ. ಹಳೇ ಚಿತ್ರ ಅಂದ್ರೆ ಧೂಳಿರಲ್ವಾ?"

"ಇವತ್ತು ಪ್ರವಾಸ ಕಂಪನಿ ಮೇಡಂ ಬಂದಿದಾರೆ. ಅವರು ಒಪ್ಪಿದ್ರೆ ವರ್ಷವಿಡೀ ಕೆಲಸ. ನನ್ನ ಮೂಗಿನ ಕಥೆ ಗೊತ್ತಾದ್ರೆ ಇರೋ ಕೆಲಸಕ್ಕೂ ಸಂಚಕಾರ."

"ನಂಗೊತ್ತಿಲ್ವಾ? ಸುಮ್ನೆ ನಡೀರಿ."

ಧೂಳೂ ಇಲ್ಲ, ಮಣ್ಣೂ ಇಲ್ಲ. ಬೆಳಿಗ್ಗೆ ಏಳುವಾಗಲೇ ನೆಗಡಿ ಹಿಡಿದಿತ್ತು. ಹೇಳಿದರೆ ಗಂಡನ ಜಂಘಾಬಲವೇ ಉಡುಗಿ ಹೋಗುತ್ತದೆಂದು ಅವಳು ಬಾಯಿ ಬಿಟ್ಟಿರಲಿಲ್ಲ. ಗಲ್ಲಿಯ ತುದಿಯ ಹೋಟೆಲು ಮುಟ್ಟುವಷ್ಟರಲ್ಲಿ ಅವಳ ಮೂಗು ಪೂರ್ತಿ ಕಟ್ಟಿಹೋಗಿತ್ತು.

ಹೋಟೆಲಿನ ಯಜಮಾನಿಗೆ ಮೇಡಂ ಬಂದ ಸಂಭ್ರಮ. ಒಲೆ ಬಿಟ್ಟು ಹೊರಗೆ ಬಂದು ಕುರ್ಚಿ ಎಳೆದು ಕೂರಿಸಿ, ಗೋಡೆಯ ಬಣ್ಣ ಯಾವಾಗ ಹೊಡೆಸಿದ್ದು ಎಂಬಲ್ಲಿಂದ ಹಿಡಿದು ಎಲ್ಲವನ್ನೂ ಹೇಳಿ ಮುಗಿಸಿ, ಆಮೇಲೆ ಕುಂಬಳಕಾಯಿ ಸೂಪು ತಂದಿಟ್ಟಳು. ಮೂಗಣ್ಣ ಹೇಳುವವರೆಗೆ ಯಾರೂ ಚಮಚ ಎತ್ತುವಂತಿಲ್ಲ, ಅದು ಅವನ ಊಟದ ಕಟ್ಟಳೆ. ಎಲ್ಲರೂ ಅವನ ಮುಖ ನೋಡುತ್ತಾ ಕೂತರು.

ಯಾರ ಕಣ್ಣಿಗೂ ಬೀಳದಂತೆ ಹೆಂಡತಿ ಮೆಲ್ಲಗೆ ಒಂದು ಗುಟುಕು ಕುಡಿದಳು. ಬಿಸಿ ಎಂಬುದೊಂದು ಬಿಟ್ಟು ಅವಳಿಗೆ ಏನೂ ತಿಳಿಯಲಿಲ್ಲ. ಆದರೂ ಈ ಯಜಮಾನಿಯ ಸೂಪು ಒಂದು ದಿನವಾದರೂ ಕೆಟ್ಟದ್ದುಂಟೇ? ಧೈರ್ಯ ಮಾಡಿ ಗಂಡನ ಅಂಗೈ ಒತ್ತಿಬಿಟ್ಟಳು.

"ಆಹಾ," ಎಂದು ಮೂಗಣ್ಣ ಶುರು ಮಾಡಿದ, "ಈ ಸೂಪಿನ ಘಮ ಇದೆಯಲ್ಲ..." ಮಾತು ಅಲ್ಲೇ ನಿಂತಿತು. ಮೂಗಿನೊಳಗೆ ಏನೋ ಚುರುಕ್ಕೆಂದಿತ್ತು. ಬಟ್ಟಲನ್ನು ಹತ್ತಿರ ತಂದ. ಹಾಲು ತಳ ಹಿಡಿದಾಗ ಬರುವ ಆ ಕೆಟ್ಟ ವಾಸನೆ. ನಿಜವೋ, ಭ್ರಮೆಯೋ? ಮೇಜಿನ ಕೆಳಗಿನ ಕೈ ಚೆನ್ನಾಗಿದೆ ಎನ್ನುತ್ತಿದೆ, ಅದು ಈವರೆಗೆ ಒಮ್ಮೆಯೂ ಸುಳ್ಳು ಹೇಳಿಲ್ಲ. ಮೂಗೋ, ತಿಂಗಳುಗಟ್ಟಲೆ ಸತ್ತು ಬಿದ್ದಿದ್ದ ಮೂಗು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದ.

"ಸೂಪು ಸೀದಿದೆ," ಎಂದ.

ಹೆಂಡತಿಯ ಕೈ ತಣ್ಣಗಾಯಿತು. ಯಜಮಾನಿ ಸೊಂಟಕ್ಕೆ ಕೈಯಿಟ್ಟಳು. "ಏನಂದೆ ಮೂಗಣ್ಣ? ನನ್ನ ಸೂಪಾ?" ಎಂದವಳೇ ದಡದಡ ಅಡುಗೆಮನೆಗೆ ಹೋದಳು. ಪಾತ್ರೆಯ ತಳ ಕೆರೆಯುವ ಸದ್ದು ಹೊರಗೆಲ್ಲ ಕೇಳಿಸಿತು. ತಿರುಗಿ ಬಂದಾಗ ಮುಖ ಇಷ್ಟೇ ಇಷ್ಟಾಗಿತ್ತು. "ತಳ ಹಿಡಿದಿದೆ ಕಣಪ್ಪಾ. ಮಾತಾಡ್ತಾ ನಿಂತ್ಬಿಟ್ಟೆ. ಎಲ್ಲಾರೂ ಕ್ಷಮಿಸಬೇಕು."

ಮೇಡಂ ನಕ್ಕರು. "ಬಟ್ಟಲು ಇಟ್ಟಾಗಲೇ ನನಗೆ ವಾಸನೆ ಬಡೀತು. ಗುರುತಿನ ಹೋಟೆಲು ಅಂತ ನೀವು ಹೊಗಳಿಬಿಡ್ತೀರೇನೋ ಅಂತ ಕಾಯ್ತಿದ್ದೆ. ಇನ್ನು ನಮ್ಮ ಜನರನ್ನ ನಿಮ್ಮಿಬ್ಬರ ಜೊತೆಗೇ ಕಳಿಸ್ತೀನಿ."

ಆ ಮಾತು ಮೂಗಣ್ಣನ ಕಿವಿಗೆ ಅರ್ಧ ಬಿತ್ತು, ಅರ್ಧ ಬೀಳಲಿಲ್ಲ. ಹೆಂಡತಿಯ ಕಿವಿಯ ಹತ್ತಿರ ಬಾಗಿ, "ವಾಸನೆ ಬಂತು ಕಣೇ," ಎಂದ. ಅವಳಿಗೆ ಹೋದ ಜೀವ ಬಂದಂತಾಯಿತು. "ನಂಗೇ ಏನೂ ಬರ್ತಿಲ್ಲ ರೀ, ಸುಮ್ನೆ ಒತ್ತಿಬಿಟ್ಟೆ," ಎನ್ನುತ್ತಾ ಅತ್ತುಬಿಟ್ಟಳು. ಕಣ್ಣು ಮೂಗು ಬೆಳಿಗ್ಗೆಯಿಂದಲೂ ಕೆಂಪಾಗಿಯೇ ಇದ್ದುದರಿಂದ ಯಾರೂ ಅದನ್ನು ಗಮನಿಸಲಿಲ್ಲ.

ಯಜಮಾನಿ ಬಟ್ಟಲುಗಳನ್ನು ಎತ್ತಿಕೊಂಡು ಬೇರೆ ಊಟ ತಂದಿಟ್ಟಳು. ಮೂಗಣ್ಣನ ಬಟ್ಟಲಿಗೆ ಕೈ ಹಾಕಿದಾಗ ಅವನು ಅದನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. "ಇದಿರಲಿ ಬಿಡಿ," ಎಂದ. ಮಿಕ್ಕವರೆಲ್ಲ ಬಿಸಿ ಬ್ರೆಡ್ಡು ಮುರಿಯುತ್ತಿರುವಾಗ ಅವನು ಪ್ರತಿ ಚಮಚವನ್ನೂ ಮೂಸಿ ಮೂಸಿ ಕುಡಿಯುತ್ತಿದ್ದ.

"ಹೇಗಿದೆ ರೀ?" ಎಂದಳು ಹೆಂಡತಿ.

"ದರಿದ್ರವಾಗಿದೆ ಕಣೇ," ಎಂದು ಬಟ್ಟಲಿನ ತಳ ಬಳಿದು, ಇನ್ನೊಂದು ಚಮಚ ಬಾಯಿಗಿಟ್ಟುಕೊಂಡ.