ಮಿನೋತಿ ದೀದಿ ಕಲಿಸಿದ ಘೋಷಣೆ

ಸಾಸಿವೆ ಎಣ್ಣೆಯ ಘಾಟು ಮೂಗಿಗೆ ಬಡಿದರೆ ಈಗಲೂ ದೋಹಾದ ನಮ್ಮ ಫ್ಲ್ಯಾಟಿನ ಆ ಶುಕ್ರವಾರದ ಮಧ್ಯಾಹ್ನ ನೆನಪಾಗುತ್ತದೆ.

ನನ್ನನ್ನು ನೋಡಿಕೊಳ್ಳುತ್ತಿದ್ದ ಮಿನೋತಿ ದೀದಿ ಆ ಎಣ್ಣೆಯನ್ನೇ ತಲೆಗೆ ಹಚ್ಚಿಕೊಳ್ಳುತ್ತಿದ್ದಳು. ಅಸ್ಸಾಮಿನವಳು. ಅವಳ ತಮ್ಮ ಅಲ್ಲಿನ ಪ್ರಾದೇಶಿಕ ಪಕ್ಷವೊಂದರ ಕಾರ್ಯಕರ್ತ. ಆ ಪಕ್ಷದ ಘೋಷಣೆಯನ್ನು ಅವಳು ನನಗೂ ಕಲಿಸಿದ್ದಳು. ಅಂದು ಬೆಳಿಗ್ಗೆ ಫೋನು ಬಂತು: ಚುನಾವಣೆಯ ಗಲಾಟೆಯಲ್ಲಿ ತಮ್ಮ ಸತ್ತಿದ್ದ.

"ಗೆಸ್ಟ್ ಹೋಗುವವರೆಗೆ ಅಳಬೇಡ ಅಂತ ಹೇಳಿದ್ದೇನೆ ಅವಳಿಗೆ," ಎಂದು ಅಮ್ಮ ನನ್ನೆದುರೇ ಅಪ್ಪನಿಗೆ ಹೇಳಿದಳು.

ಊಟಕ್ಕೆ ಬಂದ ನೆಂಟರೆದುರು ಅಪ್ಪ ನನ್ನನ್ನು ಕುರ್ಚಿಯ ಮೇಲೆ ನಿಲ್ಲಿಸಿದರು. "ದೀದಿ ಕಲಿಸಿದ್ದು ಹೇಳು ಮಗಾ."

ಮುಷ್ಟಿ ಎತ್ತಿ ಕೂಗಿದೆ. ನೆಂಟರು ಬಿದ್ದು ಬಿದ್ದು ನಕ್ಕರು. ಹುರಿದ ಮೀನಿನ ತಟ್ಟೆ ಹಿಡಿದು ಬಂದ ದೀದಿ ಬಾಗಿಲಲ್ಲೇ ನಿಂತು, ಬೇಡವೆಂದು ತಲೆಯಾಡಿಸಿದಳು.

"ಯಲ್ಲಾ, ಇನ್ನೊಮ್ಮೆ!" ಎಂದು ಅಲ್ಲಿನ ಅರಬರಂತೆ ಹುರಿದುಂಬಿಸಿದರು ಅಪ್ಪ.

ನಾನು ಅವಳ ಕಡೆಗೇ ತಿರುಗಿ, ಇನ್ನೂ ಜೋರಾಗಿ ಕೂಗಿದೆ.