ಕೆಳಗಿನ ಮೂಲೆಮನೆ

ಊರಿನಲ್ಲಿ ಬಾಡಿಗೆಗೂ ಮನೆ ಸಿಗದಂತಾದಾಗ ಸರ್ಕಾರ ನಿಯಮ ಸಡಿಲಿಸಿ, ಹಳೆಯ ರುದ್ರಭೂಮಿಯಲ್ಲೂ ಮನೆ ಕಟ್ಟಬಹುದೆಂದಿತು. ಕಲ್ಲು ನೆಟ್ಟಿದ್ದ ಸಮಾಧಿಗಳನ್ನೆಲ್ಲ ಬೇರೆಡೆಗೆ ಸಾಗಿಸಿದರು. ಕಲ್ಲಿಲ್ಲದವು ಎಲ್ಲೆಲ್ಲಿದ್ದವೋ ಯಾರಿಗೂ ಗೊತ್ತಿರಲಿಲ್ಲ. ‘ಜಾಗ ತೆರವಾಗಿದೆ’ ಎಂದು ಸಹಿ ಹಾಕಿದವರು ನಗರಸಭೆಯ ಎಂಜಿನಿಯರ್ ಮಲ್ಲೇಶಪ್ಪ. ಅಂದಿನಿಂದ ಬರಿಯ ಮಣ್ಣಿನ ಮೇಲೆ ಕಾಲಿಟ್ಟರೂ ಅವರಿಗೆ ಯಾರನ್ನೋ ತುಳಿದಂತಾಗುತ್ತಿತ್ತು.

ಮನೆ ಹಂಚುವ ದಿನ, ಸತ್ತವರ ಎದೆಯ ಮೇಲೆ ಒಲೆ ಹೂಡುವುದುಂಟೇ ಎಂದು ಎಲ್ಲರೂ ಮೇಲಿನ ಮಹಡಿಗಳನ್ನೇ ಕೇಳಿದರು. ಚೀಟಿಯಲ್ಲಿ ಮೊದಲು ಬಂದದ್ದು ಬಳೆ ಮಾರುವ ನೀಲವ್ವನ ಹೆಸರು. ಬೇಕಾದ ಮನೆ ಆರಿಸಿಕೊಳ್ಳಬಹುದಿತ್ತು. ಅವಳು ಗಂಡನೊಂದಿಗೆ ಬಂದು ನಕ್ಷೆಯ ಮೇಲೆ ಬೆರಳಿಟ್ಟಳು.

“ಇದು ಕೊಡ್ರಿ ಸಾಹೇಬ್ರ. ಕೆಳಗಿನ ಮೂಲಿಮನಿ, ಬೇವಿನ ಗಿಡದ ಮಗ್ಗಲದ್ದು.”

ಮಲ್ಲೇಶಪ್ಪನವರಿಗೆ ಸುಮ್ಮನಿರಲಾಗಲಿಲ್ಲ. ದನಿ ತಗ್ಗಿಸಿ, “ಬ್ಯಾಡ ತಂಗಿ. ಅದರ ಕೆಳಗ ಇನ್ನೂ ಹೆಣ ಅದಾವ. ನಾವು ತೆಗಿಸಿಲ್ಲ” ಎಂದರು. ಹೆಂಡತಿಗೂ ಹೇಳದ ಮಾತು ಬಾಯಿಂದ ಜಾರಿತ್ತು.

ನೀಲವ್ವ ಗಂಡನ ಮುಖ ನೋಡಿದಳು.

“ಖರೇನ ತೆಗಿಸಿಲ್ಲೇನ್ರಿ?”

“ಆ ಮೂಲಿಯೊಳಗ ಒಂದಕ್ಕೂ ಕಲ್ಲಿರಲಿಲ್ಲ, ಒಂದೂ ತೆಗಿಸಿಲ್ಲ.”

“ಹಂಗಾರ ಅದನ್ನ ಬರದ್ಬಿಡ್ರಿ.”

“ಹುಚ್ಚಿ ಏನವ್ವಾ ನೀನು? ಅಂಜಿಕಿ ಬರೂದಿಲ್ಲೇನು?”

ನೀಲವ್ವ ನಕ್ಷೆಯ ಮೇಲಿನ ಬೆರಳನ್ನು ಎತ್ತಲಿಲ್ಲ.

“ಅಂಜೂದು ನಾನಲ್ರಿ, ಆಕಿ. ನಮ್ಮ ಮೂರು ವರ್ಷದ ಕೂಸು, ಹನ್ನೊಂದು ವರ್ಷಾತು, ಅಲ್ಲಿ ಒಬ್ಬಾಕಿನ ಮಲಗ್ಯಾಳ.”