ಮೊನೆಯಿಲ್ಲದ ಕತ್ತಿ

ಸ್ವಿಟ್ಜರ್ಲೆಂಡಿನ ಊರೂರು ಅಲೆದು ವಂಶದ ಬೇರು ಅಗೆಯುತ್ತಿದ್ದ ಬಾಸ್ಟಿಯನ್‌ಗೆ ಮೂಲಪುರುಷನ ಹೆಸರು ತಿಳಿದಿರಲಿಲ್ಲ. ನಾನೂರು ವರ್ಷದ ಹಿಂದೆ, ಬೇರೆ ಮತ ಹಿಡಿದ ತಪ್ಪಿಗೆ ಈ ಊರಿನ ದಿಬ್ಬದ ಮೇಲೆ ಅವನ ತಲೆ ಉರುಳಿತೆಂದು ಮಾತ್ರ ಅಜ್ಜ ಹೇಳಿದ್ದ. ದಿಬ್ಬದ ಮೇಲಿದ್ದದ್ದು ಒಂದೇ ಮನೆ. ಬಾಗಿಲು ತೆರೆದ ಮುದುಕಿಯನ್ನು ಗೋಡೆಗೆ ಒತ್ತಿ ಹಿಡಿದು, ಮನೆಯಿಂದ ತಂದಿದ್ದ ಹಳೆಯ ಕತ್ತಿಯನ್ನು ಅವಳ ಕೊರಳಿಗೆ ಆನಿಸಿದ.

“ನಮ್ಮವನ ತಲೆ ಹಾರಿಸಿದ್ದು ನಿಮ್ಮ ಮನೆಯವನೇ!”

“ಹಾಗಂತ ಯಾರು ಹೇಳಿದರು?”

“ಯಾರಾದರೂ ಹೇಳಬೇಕೇ? ತಲೆ ಕಡಿಯುವ ದಿಬ್ಬದಲ್ಲಿ ಕಟುಕನಲ್ಲದೆ ಇನ್ಯಾರು ಮನೆ ಕಟ್ಟುತ್ತಾರೆ?”

“ಸತ್ತವನ ಹೆಂಡತಿ ಕಟ್ಟುತ್ತಾಳೆ,” ಎಂದಳು ಮುದುಕಿ. “ಗಂಡನಿಗೆ ಇಗರ್ಜಿಯ ಮಣ್ಣು ಕೊಡಲಿಲ್ಲ. ಇಲ್ಲೇ ಹೂತು, ಪಕ್ಕದಲ್ಲೇ ಮಕ್ಕಳನ್ನು ಸಾಕಿದಳು. ನಾನು ಅವಳ ಕುಡಿ.”

“ಸುಳ್ಳು ಬೊಗಳಬೇಡ!” ಅವನು ಅವಳ ಕೂದಲು ಹಿಡಿದು ಜಗ್ಗಿದ. ಕೊರಳಿಂದ ರಕ್ತ ಇಳಿದು ಕುಪ್ಪಸ ನೆನೆಯಿತು. “ಅವನ ಕುಡಿ ನಾನು! ಅವನನ್ನು ಕಡಿದ ಕತ್ತಿಯೇ ಇದು, ಕಣ್ಣು ಬಿಟ್ಟು ನೋಡು. ಮೊನೆಯೇ ಇಲ್ಲ, ಕೊರಳು ಕಡಿಯಲೆಂದೇ ಮಾಡಿಸಿದ್ದು. ಅಂದಿನಿಂದ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ, ನಮ್ಮ ಮನೆಯಲ್ಲೇ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದೇವೆ!”

ಮುದುಕಿ ಆ ಕತ್ತಿಯನ್ನೇ ದಿಟ್ಟಿಸಿದಳು.

“ಕಡಿದವನು ಕತ್ತಿ ಒರೆಸಿಕೊಂಡು ತನ್ನ ಮನೆಗೆ ಒಯ್ದನಪ್ಪಾ,” ಎಂದಳು. “ನಮ್ಮ ಮನೆಗೆ ಬಂದದ್ದು ರುಂಡ.”